ನಿಮ್ಮನ್ನ ಕೇಳಿದ್ಲು

ತಿಪ್ಪಸಂದ್ರ
9 ಆಗಸ್ಟ್ 2024

ಭಾನು,

ಕಾಗದ ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಹೈಸ್ಕೂಲಿನಲ್ಲಿ ನಿನ್ನ ಅಕ್ಷರ ನೋಡಿ ಕಾಗೆ ಕಾಲು, ಗುಬ್ಬಿ ಕಾಲು ಅನ್ನುತ್ತಿದ್ದವನು ನಾನೇ.

ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಫೋನಿಗೆ ತುಟಿಯಿಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ಮನೆಯಲ್ಲಿರುವ ಒಂದೇ ಒಂದು ಫೋನು ನಿನ್ನ ಅಮ್ಮನದು. ನಾನು ಏನು ಬರೆದರೂ ಅದು ನಿನ್ನ ಫೋನಿನಲ್ಲಿ ‘ಅಮ್ಮ’ ಅಂತಲೇ ಬರುತ್ತದೆ. ಆ ಹೆಸರು ನೋಡಿ ನಿನ್ನ ಜೀವ ಹಾರುವುದು ಬೇಡವೆಂದು ಕಾಗದ ಹಿಡಿದೆ.

ಅಮ್ಮನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಮಾಗಡಿ ಬಸ್ಸು ಹತ್ತಿದಾಗ ನೀನು ತಿರುಗಿ ನೋಡಲಿಲ್ಲ. ಅವಳು ಆಸ್ಪತ್ರೆ ಸೇರಿದ್ದನ್ನು ನಿನಗೆ ತಿಳಿಸಲಿಲ್ಲ ಅನ್ನುವುದು ನಿನ್ನ ಒಂದು ಸಿಟ್ಟು. ಅವಳ ತಲೆಯ ಬಳಿ ಕೂತು ಅಳುತ್ತಿದ್ದ ನಿನಗೆ ಊರ ಜನರ ಎದುರಿಗೆ “ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಅಳಬಾರದು ಭಾನು” ಅಂದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಉತ್ತರ ಕೊಡುವುದಿಲ್ಲ. ಎರಡನೆಯದು ನಾನು ಜೀವಮಾನವೆಲ್ಲ ನಂಬಿಕೊಂಡು ಬಂದ ಮಾತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ನಿನಗೆ ಇದು ಹೊಸದಲ್ಲ. ರೋಮಿನ ಚರಿತ್ರೆಯಲ್ಲಿ ಎರಡು ಸಾಲು ಬರುತ್ತಿದ್ದ ಸ್ಟೋಯಿಕ್ ತತ್ವಜ್ಞಾನಿಗಳ ಮೇಲೆ ಎರಡು ವಾರ ಪಾಠ ಮಾಡಿ, ‘ರೋಮ್ ಮೇಷ್ಟ್ರು’ ಅಂತ ಹೆಸರು ಕಟ್ಟಿಸಿಕೊಂಡವನು ನಾನು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು. ಕೈಯಲ್ಲಿರುವುದನ್ನು ಸರಿಯಾಗಿ ಮಾಡಬೇಕು, ಉಳಿದದ್ದು ಬಂದ ಹಾಗೆ ಒಪ್ಪಿಕೊಳ್ಳಬೇಕು. ವಿವೇಕ, ಧೈರ್ಯ, ಸಂಯಮ, ನ್ಯಾಯ ಈ ನಾಲ್ಕು ಬಿಟ್ಟರೆ ಮನುಷ್ಯನಿಗೆ ಸ್ವಂತದ್ದು ಅಂತ ಏನೂ ಇಲ್ಲ ಅಂದವರು ಅವರು. ನೀನು ಲಂಗ ಹಾಕುವ ವಯಸ್ಸಿನಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು, ಇವತ್ತು ಏನು ತಪ್ಪು ಮಾಡಿದೆ, ಏನು ಒಳ್ಳೆಯದು ಮಾಡಿದೆ, ಏನು ಮಾಡದೆ ಬಿಟ್ಟೆ ಅಂತ ಕೇಳುತ್ತಿದ್ದೆನಲ್ಲ, ಅದೂ ಅವರದೇ ಅಭ್ಯಾಸ. ಅಮ್ಮ ಒಳಗಿನಿಂದ, “ಮಗ ಉಂಡ್ಲಾ ಅಂತ ಕೇಳಿ ಮೊದ್ಲು” ಅನ್ನುತ್ತಿದ್ದಳು.

ಒಂದು ವಿಷಯ ಕೇಳಲೇ ಈ ಕಾಗದ ಬರೆಯುತ್ತಿದ್ದೇನೆ. ಅಮ್ಮ ಹೋಗುವ ಮುಂಚಿನ ಶುಕ್ರವಾರ ಆಸ್ಪತ್ರೆಯ ಮಂಚದ ಮೇಲಿಂದ ನಿನಗೆ ಫೋನು ಮಾಡಿದಳು. ಮೊದಲು ಎರಡು ಮಾತು ತಾನು ಆಡಿದಳು. ಆಮೇಲೆ ಬಹಳ ಹೊತ್ತು ಫೋನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಸುಮ್ಮನೆ ಕೇಳುತ್ತಿದ್ದಳು. ಅವಳ ಮುಖದಲ್ಲಿ ನಗುವಿತ್ತು. ಅಂಥ ನಗು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಅಷ್ಟು ಹೊತ್ತು ನೀನು ಅವಳಿಗೆ ಏನು ಹೇಳಿದೆ? ಹೇಳಬಾರದ್ದಾದರೆ ಬೇಡ. ಹೇಳಬಹುದಾದರೆ ಬರೆ. ನಿನ್ನ ಮಾತನ್ನು ನನಗೆ ತಲುಪಿಸುತ್ತಿದ್ದವಳು ಅವಳು. ಪ್ರತಿ ಸಲ ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ ಕೊನೆಗೆ “ನಿಮ್ಮನ್ನ ಕೇಳಿದ್ಲು” ಅನ್ನುತ್ತಿದ್ದಳು. ಈಗ ಆ ದಾರಿ ಮುಚ್ಚಿದೆ.

ಅಳಿಯ ಅಶೋಕನಿಗೆ ನನ್ನ ಆಶೀರ್ವಾದ ಹೇಳು.

ಸದಾ ನಿನ್ನ ಒಳಿತು ಬಯಸುವ,
ಅಪ್ಪ


ಉಯ್ಯಂಬಳ್ಳಿ
2 ಸೆಪ್ಟೆಂಬರ್ 2024

ತಂದೆಯವರಿಗೆ,

ನಿಮ್ಮ ಕಾಗದ ತಲುಪಿತು. ರೋಮಿನವರ ಕ್ಷೇಮ ಸಮಾಚಾರವೆಲ್ಲ ತಿಳಿಯಿತು. ನನ್ನ ಅಮ್ಮನ ಸಮಾಚಾರವನ್ನೂ ಇಷ್ಟೇ ಅಚ್ಚುಕಟ್ಟಾಗಿ ಅವತ್ತು ಒಂದು ಸಾಲು ಬರೆದು ತಿಳಿಸಿದ್ದರೆ ಸಾಕಿತ್ತು.

ಆಸ್ಪತ್ರೆಯ ನರ್ಸಮ್ಮ ನನಗೆ ಹೇಳಿದರು. ಗುರುವಾರವೇ ಡಾಕ್ಟರು ನಿಮ್ಮನ್ನು ಕರೆದು, ನಿಮಗೆ ಕೇಳಿಸುವುದಿಲ್ಲ ಅಂತ ಕೈಸನ್ನೆ ಮಾಡಿ, ಮಕ್ಕಳಿದ್ದರೆ ಕರೆಸಿಕೊಳ್ಳಿ ಅಂದರಂತೆ. ನೀವು ತಲೆಯಾಡಿಸಿದಿರಂತೆ. ಮುನಿಯಮ್ಮ ಚಿಕ್ಕಮ್ಮ ಅಲ್ಲೇ ಇದ್ದಳು, ಅವಳ ಕೈಯಲ್ಲೂ ಫೋನಿತ್ತು. ನಾನೇನು ಸಮುದ್ರದ ಆಚೆ ಇದ್ದೆನೇ? ಭಾನುವಾರ ಮಧ್ಯಾಹ್ನ ಅವಳ ಫೋನು ಬಂದಾಗ ಅಮ್ಮ ಆಗಲೇ ತಣ್ಣಗಾಗಿದ್ದಳು.

ಆ ವಾರ ನಮ್ಮ ರೇಷ್ಮೆ ಹುಳ ಕೊನೆಯ ಊಟಕ್ಕೆ ಬಿದ್ದಿದ್ದವು, ನಿಜ. ಅಶೋಕನ ಅಣ್ಣತಮ್ಮಂದಿರಿಂದ ಬೇರೆ ಬಂದು, ನಾವೇ ಕಟ್ಟಿಕೊಂಡ ಹುಳದ ಮನೆಯಲ್ಲಿ ಅದು ಮೊದಲ ಬೆಳೆ. ಹುಳ ಮೇಯುವುದು ನಿಲ್ಲಿಸಿ ಹಣ್ಣಾಗಿ, ಅವನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಟ್ಟು, ಅವು ಗೂಡು ಕಟ್ಟಲು ಕೂರುವವರೆಗೆ ಮನೆಯ ಹೆಂಗಸು ಕದಲುವ ಹಾಗಿಲ್ಲ. ಸೂತಕದವರು ಆ ಬಾಗಿಲು ದಾಟುವ ಹಾಗಿಲ್ಲ. ಅತ್ತೆ ಮನೆಯವರು ಹೊರಗಿನಿಂದ ನೋಡುತ್ತಾ ಕೂತಿದ್ದರು, ಇವರ ಕೈಲಿ ಏನಾಗುತ್ತೆ ಅಂತ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಹುಳ ಮುಖ್ಯವೋ ಅಮ್ಮ ಮುಖ್ಯವೋ ಅಂತ ನನ್ನನ್ನು ಕೇಳಬೇಕಾಗಿತ್ತು. ಕೈಯಲ್ಲಿರುವುದು, ಇಲ್ಲದ್ದು ಅಂತ ಬರೆದಿದ್ದೀರಿ. ಅಮ್ಮ ಸಾಯುವುದು ನನ್ನ ಕೈಯಲ್ಲಿರಲಿಲ್ಲ. ಬರುವುದು ನನ್ನ ಕೈಯಲ್ಲಿತ್ತು. ಅದನ್ನು ನೀವು ಕಿತ್ತುಕೊಂಡಿರಿ.

ವಿವೇಕ, ಧೈರ್ಯ, ಸಂಯಮ ಮೂರೂ ನಿಮ್ಮಲ್ಲಿವೆ, ಊರೇ ಹೇಳುತ್ತದೆ. ಹೆಣದ ಮುಂದೆ ಒಂದು ಹನಿ ಕಣ್ಣೀರು ಹಾಕದೆ ಕೂತಿದ್ದಿರಿ. ನಾಲ್ಕನೆಯದು ನ್ಯಾಯ. ಅದರಲ್ಲಿ ನನ್ನ ಪಾಲು ಎಲ್ಲಿ?

ಶುಕ್ರವಾರದ ಫೋನಿನಲ್ಲಿ ಆದದ್ದು ನಿಮಗೆ ಹೇಳುವುದಿಲ್ಲ. ನನ್ನದನ್ನು ನೀವು ಇಟ್ಟುಕೊಂಡಿರಿ. ಇದು ನನ್ನ ಹತ್ತಿರ ಇರಲಿ.

ಭಾನುಪ್ರಿಯ


ತಿಪ್ಪಸಂದ್ರ
15 ಸೆಪ್ಟೆಂಬರ್ 2024

ಭಾನು,

ಹುಟ್ಟಿದಾಗಿನಿಂದ ಒಂದು ದಿನವೂ ನನ್ನನ್ನು ‘ನೀವು’ ಅಂದವಳಲ್ಲ ನೀನು. ಕಾಗದದಲ್ಲಿ ಅದನ್ನು ಓದಿ, ಇದು ಬೇರೆ ಯಾರಿಗೋ ಬರೆದದ್ದು ಅಂತ ಒಂದು ಕ್ಷಣ ವಿಳಾಸ ನೋಡಿದೆ.

ನೀನು ಕೇಳಿದ ನ್ಯಾಯದ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿಲ್ಲ. ಮೇಷ್ಟ್ರ ಹತ್ತಿರ ಉತ್ತರವಿಲ್ಲದಿದ್ದರೆ ನಾಳೆ ಹೇಳ್ತೀನಿ ಕೂತ್ಕೋ ಅನ್ನುತ್ತಾರೆ, ಹಾಗೆಂದುಕೋ.

ಕಣ್ಣೀರಿನ ವಿಷಯ ಹೇಳುತ್ತೇನೆ. ನಮ್ಮದು ಅಂದುಕೊಂಡಿರುವುದೆಲ್ಲ ಒಂದು ದಿನ ಹೋಗುವುದೇ, ಅದನ್ನು ದಿನಾ ಬೆಳಿಗ್ಗೆ ಮನಸ್ಸಿಗೆ ಹೇಳಿ ಅಭ್ಯಾಸ ಮಾಡಿಸಬೇಕು ಅನ್ನುತ್ತಿದ್ದರು ಆ ಜನ. ನಾನು ಮಾಡಿದೆ. ನಿನ್ನ ಅಮ್ಮ ಕಾಫಿ ಲೋಟ ತಂದು ಕೈಗೆ ಕೊಟ್ಟಾಗಲೆಲ್ಲ, ಇವಳು ಇಲ್ಲದ ಒಂದು ಬೆಳಗು ಬರುತ್ತದೆ ನಟರಾಜು, ಸಿದ್ಧನಾಗಿರು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಷ್ಟೋ ವರ್ಷ ಹೇಳಿಕೊಂಡೆ. ಒಂದು ದಿನ ಮುಖ ನೋಡಿ ಏನು ಯೋಚನೆ ಅಂದಳು. ಹೇಳಿದೆ. “ಸಾಯ್ಸೋದಾದ್ರೆ ಕಾಫಿ ಕುಡುದ್ಬುಟ್ಟು ಸಾಯ್ಸಿ, ಆರೋಯ್ತದೆ” ಅಂದಳು.

ಆದ್ದರಿಂದ ಅವಳು ಹೋದಾಗ ನಾನು ಸಿದ್ಧನಿದ್ದೆ. ಕಾಫಿ ಈಗ ನಾನೇ ಮಾಡಿಕೊಳ್ಳುತ್ತೇನೆ, ಪರವಾಗಿಲ್ಲ. ಖಾಲಿ ಮಂಚಕ್ಕೂ ಸಿದ್ಧನಿದ್ದೆ. ಆದರೆ ಮೊನ್ನೆ ಅವಳ ಫೋನು ಮೇಜಿನ ಮೇಲೆ ಬೆಳಗಿತು. ಯಾರೋ ಕರೆಯುತ್ತಿದ್ದಾರೆ, ಎತ್ತಿದರೆ ನನಗೆ ಕೇಳುವುದಿಲ್ಲ, ಕೇಳಿ ಹೇಳುವವಳಿಲ್ಲ. ಅದು ಬೆಳಗಿ ಬೆಳಗಿ ಆರಿಹೋಗುವವರೆಗೆ ನೋಡುತ್ತಾ ನಿಂತೆ. ಅವಳ ಸಾವನ್ನು ಅಭ್ಯಾಸ ಮಾಡಿದ್ದೆ. ನಿನ್ನ ಮಾತು ನನಗೆ ಬರುವುದು ನಿಂತುಹೋಗುತ್ತದೆ ಅನ್ನುವುದನ್ನು ಅಭ್ಯಾಸ ಮಾಡಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಎಡೆ ಇಡಬೇಕು. ಚಿಕ್ಕಮ್ಮ ಬರುತ್ತಾಳೆ. ನೀನೂ ಬಾ.

ಅಪ್ಪ


ತಿಪ್ಪಸಂದ್ರ
27 ಅಕ್ಟೋಬರ್ 2024

ಭಾನು,

ಹಬ್ಬಕ್ಕೆ ನೀನು ಬರಲಿಲ್ಲ. ಅಮ್ಮನ ಎಡೆಯ ಮುಂದೆ ಅವಳಿಗೆ ಇಷ್ಟವಾದ ಅವರೆಕಾಳು ಸಾರು ಇಟ್ಟಿದ್ದೆವು. ಈ ಕಾಲಕ್ಕೆ ಹಸಿ ಅವರೆ ಎಲ್ಲಿ, ಒಣಗಿದ್ದನ್ನೇ ನೆನೆಹಾಕಿ ಮಾಡಿದ್ದಳು ಚಿಕ್ಕಮ್ಮ.

ನಿಮ್ಮ ಈ ಬೆಳೆಯ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ ಅಂತ ತಿಳಿಯಿತು. ಯಾರು ಹೇಳಿದರು ಅನ್ನಬೇಡ, ಕಿವುಡನಿಗೂ ಸುದ್ದಿ ಸಿಗುತ್ತದೆ. ಬೆಳಿಗ್ಗೆಯೇ ಹೋಗಿ ಬಾಗಿಲಲ್ಲಿ ನಿಂತೆ. ನೂಲು ತೆಗೆಸುವ ಬಾಬಾಜಾನ್ ಸಾಹೇಬರು ಸಿಕ್ಕಿದರು, ಅವರ ಮಗ ನನ್ನ ಹತ್ತಿರ ಓದಿದವನು. ನನ್ನನ್ನು ನೋಡಿ, ಮೇಷ್ಟ್ರು ಈ ವಯಸ್ಸಿನಲ್ಲಿ ರೇಷ್ಮೆ ವ್ಯಾಪಾರಕ್ಕೆ ಇಳಿದರೇ ಅಂತ ತಮಾಷೆ ಮಾಡಿದರು. ಮಗಳನ್ನು ನೋಡಲು ಬಂದೆ ಅಂದೆ. ಆಮೇಲೆ ಅವರು ತಮಾಷೆ ಮಾಡಲಿಲ್ಲ, ಟೀ ತರಿಸಿದರು.

ಬಂದವನು ಅಶೋಕ ಒಬ್ಬನೇ. ನನ್ನನ್ನು ನೋಡಿ ಅವನಿಗೂ ಸಂಕಟವಾಯಿತು. ಎದುರಿಗೆ ನಿಂತು, ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದ: “ಅವ್ಳು ಬರಾಕಿಲ್ಲ ಮಾವ. ಒಬ್ಳೇ ಹುಳದ ಮನೇಲಿ ಕೂತಿರ್ತಾಳೆ. ಫೋನಂತೂ ಒಳೀಕೆ ತಗಂಡೇ ಹೋಗಾಕಿಲ್ಲ ಈಗ.” ಯಾಕೆ ಅಂದೆ. ಗೊತ್ತಿಲ್ಲ ಅಂದ.

ಬಾಬಾಜಾನ್ ನಿಮ್ಮ ರಾಶಿಯಿಂದ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಆಡಿಸಿ ನೋಡಿ, ಹುಳ ಚೆನ್ನಾಗಿ ಕಟ್ಟಿದೆ ಅಂತ ತಲೆದೂಗಿದರು. ಅದನ್ನೇ ನನ್ನ ಕೈಗಿಟ್ಟರು. ಶರಟಿನ ಜೇಬಿನಲ್ಲಿ ಹಾಕಿಕೊಂಡು ಬಂದು ಅಮ್ಮನ ಫೋಟೋದ ಮುಂದೆ ಇಟ್ಟೆ. ನಿನ್ನ ಕೈಯಲ್ಲಿ ಬೆಳೆದದ್ದು, ಅವಳ ಹತ್ತಿರ ಇರಲಿ ಅಂತ. ಒಂದು ಬೆಳಿಗ್ಗೆ ನೋಡಿದರೆ ಗೂಡು ತೂತಾಗಿದೆ, ಬಿಳೀ ಚಿಟ್ಟೆಯೊಂದು ಫೋಟೋದ ಕಟ್ಟಿಗೆ ಅಂಟಿಕೊಂಡು ರೆಕ್ಕೆ ಬಡಿಯುತ್ತಿದೆ. ಚಿಕ್ಕಮ್ಮ ನನ್ನನ್ನು ಬೈದಳು. ಬಿಸಿಲಲ್ಲಿ ಒಣಗಿಸದೆ ಇಟ್ಟರೆ ಚಿಟ್ಟೆ ಬರದೆ ಇನ್ನೇನು ಬರುತ್ತದೆ, ಇಷ್ಟೂ ಗೊತ್ತಿಲ್ಲದೆ ಅದೇನು ಪಾಠ ಮಾಡಿದಿರೋ ಅಂತ. ಅದಕ್ಕೆ ಹಾರಲು ಬರುವುದಿಲ್ಲ, ತಿನ್ನಲು ಬಾಯಿಲ್ಲ. ಇರುವಷ್ಟು ದಿನ ಫೋಟೋದ ಮೇಲೆಯೇ ಇತ್ತು. ಅದು ಬಿದ್ದ ದಿನ ನಾನು ಊಟ ಮಾಡಲಿಲ್ಲ. ಒಂದು ಹುಳಕ್ಕೆ ಹೀಗಾಗುವವನು ಹೆಂಡತಿಗೆ ಹೇಗೆ ಕಲ್ಲಾದೆ ಅಂತ ನೀನು ಕೇಳಿದರೆ ನನಗೆ ಗೊತ್ತಿಲ್ಲ.

ನೀನು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ಅಪ್ಪ


ಉಯ್ಯಂಬಳ್ಳಿ
12 ಡಿಸೆಂಬರ್ 2024

ತಂದೆಯವರಿಗೆ,

ಚಿಕ್ಕಮ್ಮ ನಮ್ಮ ಮನೆಗೆ ಬಂದು ಹದಿನೈದು ದಿನ ಇದ್ದು ಹೋದಳು. ಹಣ್ಣು ಹುಳ ಆಯಲು ಆಳು ಸಿಗಲಿಲ್ಲ, ಅದಕ್ಕೆ ಕರೆಸಿದ್ದೆ. ಚಂದ್ರಿಕೆಯ ಮುಂದೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಹುಳ ಬಿಡುತ್ತಿದ್ದೆವು. ನಾನು ನಿಮ್ಮನ್ನು ಬೈಯುತ್ತಿದ್ದೆ. ಅವಳು ಕೇಳಿ ಕೇಳಿ ಕೈಯಲ್ಲಿದ್ದ ಹುಳ ಕೆಳಗಿಟ್ಟು ಹೇಳಿದಳು:

“ಇನ್ನ ತಡ್ಯಾಕ್ ಆಗಾಕಿಲ್ಲ ಕಣವ್ವ. ನಿಮ್ಮಪ್ಪನ ಕೈಯ ತನ್ನ ತಲೆ ಮ್ಯಾಲೆ ಇಕ್ಕುಸ್ಕಂಡು ಆಣೆ ತಗಂಡ್ಲು ನಮ್ಮಕ್ಕ. ಹುಳ ಚಂದ್ರಿಕೆ ಹತ್ತಾಗಂಟ ಮಗೀಗೆ ಹೇಳ್ಕೂಡ್ದು ಅಂದ್ಲು. ನಂಗೂ ಅಂದ್ಲು. ನಿಮ್ಮಪ್ಪ ಹೂಂ ಅಂದ್ಬುಟ್ಟು ಎದ್ದೋಗಿ ಗ್ವಾಡೆ ಕಡೀಕೆ ತಿರುಕ್ಕಂಡು ನಿಂತ್ಕಂಡ್ರು.”

ಯಾಕೆ ಅಂತಲೂ ಹೇಳಿದಳು. ಅಮ್ಮನ ತಾಯಿ ಸತ್ತಾಗ ನಿಮ್ಮ ಮನೆಯಲ್ಲೂ ಹುಳ ಹಣ್ಣಾಗಿದ್ದವಂತೆ. ಅಮ್ಮ ಬಿಟ್ಟು ಓಡಿದಳಂತೆ. ಆಯುವವರಿಲ್ಲದೆ ಹುಳ ಸೊಪ್ಪಿನ ಕಡ್ಡಿಗೇ ನೂಲು ಸುತ್ತಿ ಕೆಟ್ಟುಹೋದವಂತೆ. ನಿಮ್ಮ ತಾಯಿ, ನನ್ನ ಅಜ್ಜಿ, ಅವತ್ತಿನಿಂದ ಸಾಯುವವರೆಗೂ ಅಮ್ಮನನ್ನು ಹುಳ ಕೊಂದವಳು ಅಂತಲೇ ಕರೆದಳು. ಆ ಮಾತು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೇನೆ, ಯಾಕೆ ಅಂತ ಗೊತ್ತಿರಲಿಲ್ಲ. ನನಗೆ ಆ ಹೆಸರು ಬರಬಾರದು ಅಂತ ಅಮ್ಮ ಹಾಗೆ ಮಾಡಿದಳು.

ಇದನ್ನು ನೀವು ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಇಷ್ಟು ತಿಂಗಳು ನನ್ನಿಂದ ಬೈಸಿಕೊಂಡಿರಿ. ಯಾಕೆ? ನೀವು ದೊಡ್ಡವರಾಗಲಿ ಅಂತಲೇ?

ನಿಜ ಗೊತ್ತಾದರೆ ನಿಮ್ಮ ಮೇಲಿನ ಸಿಟ್ಟು ಹೋಗುತ್ತದೆ ಅಂತ ಚಿಕ್ಕಮ್ಮ ಅಂದುಕೊಂಡಳು. ಹೋಗಲಿಲ್ಲ. ಅಮ್ಮ ಹುಳ ಚಂದ್ರಿಕೆ ಹತ್ತುವ ದಿನ ದಾಟುತ್ತೇನೆ ಅಂದುಕೊಂಡು ಆಣೆ ಹಾಕಿಸಿದಳು. ದಾಟುವುದಿಲ್ಲ ಅಂತ ಡಾಕ್ಟರು ಹೇಳಿದ್ದು ನಿಮಗೆ. ಆಣೆ ಮುರಿದು ನನ್ನನ್ನು ಕರೆಸಿದ್ದರೆ ನೀವು ಮಾತಿಗೆ ತಪ್ಪಿದವರಾಗುತ್ತಿದ್ದಿರಿ, ನಾನು ಅಮ್ಮನ ಕೈ ಹಿಡಿದುಕೊಂಡಿರುತ್ತಿದ್ದೆ. ನೀವು ಒಳ್ಳೆಯವರಾಗಿ ಉಳಿದಿರಿ. ಅದರ ಬೆಲೆ ನಾನು ಕೊಟ್ಟೆ. ನೀವು ಕೆಟ್ಟವರಾಗಿದ್ದರೆ ನನಗೆ ಚೆನ್ನಾಗಿರುತ್ತಿತ್ತು.

ಇನ್ನೊಂದು. ಅಜ್ಜಿ ಅಮ್ಮನನ್ನು ಹಾಗೆ ಕರೆಯುತ್ತಿದ್ದಾಗ ನೀವು ಏನು ಮಾಡುತ್ತಿದ್ದಿರಿ?

ಭಾನುಪ್ರಿಯ


ತಿಪ್ಪಸಂದ್ರ
29 ಡಿಸೆಂಬರ್ 2024

ಭಾನು,

ಬೆಳಿಗ್ಗೆಯಿಂದ ಮೂರು ಸಲ ಬರೆದು ಹರಿದುಹಾಕಿದೆ. ಮೂರರಲ್ಲೂ ನಾನು ನನ್ನನ್ನು ಸಮರ್ಥಿಸಿಕೊಂಡಿದ್ದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಹೇಳಿದ್ದರೆ ನಿನ್ನ ಸಿಟ್ಟು ಅಮ್ಮನ ಕಡೆ ತಿರುಗುತ್ತಿತ್ತು. ಸತ್ತವಳು ನಿನಗೆ ಉತ್ತರ ಕೊಡಲಾರಳು, ನಿನ್ನನ್ನು ತಬ್ಬಿ ಸಮಾಧಾನ ಮಾಡಲಾರಳು. ನಾನು ಬದುಕಿದ್ದೇನೆ, ನನ್ನ ಮೇಲೆ ಸಿಟ್ಟು ಮಾಡಿದರೆ ಒಂದು ದಿನ ಮುಗಿಯಬಹುದು. ಇಷ್ಟೇ ಲೆಕ್ಕ. ದೊಡ್ಡವನಾಗಲು ಅಲ್ಲ. ಆದರೂ ಒಳಗೆಲ್ಲೋ ಸ್ವಲ್ಪ ಹೆಮ್ಮೆಯೂ ಇತ್ತೇನೋ, ನೀನು ಹೇಳಿದ ಮೇಲೆ ಇಲ್ಲ ಅನ್ನಲು ಧೈರ್ಯವಿಲ್ಲ.

ಅಜ್ಜಿಯ ವಿಷಯ. ನಿನ್ನ ಅಮ್ಮ ಅತ್ತುಕೊಂಡು ಬಂದಾಗಲೆಲ್ಲ ನಾನು, ಬೇರೆಯವರ ನಾಲಿಗೆ ನಮ್ಮ ಕೈಯಲ್ಲಿಲ್ಲ, ನಮ್ಮ ಮನಸ್ಸು ಮಾತ್ರ ನಮ್ಮ ಕೈಯಲ್ಲಿದೆ ಅನ್ನುತ್ತಿದ್ದೆ. ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ಪಾಠ ಫಲಿಸಿತು ಅಂದುಕೊಳ್ಳುತ್ತಿದ್ದೆ. ಅವಳ ಅತ್ತೆಯ ನಾಲಿಗೆ ಅವಳ ಕೈಯಲ್ಲಿ ಇರಲಿಲ್ಲ, ಸರಿ. ನನ್ನ ತಾಯಿಯ ನಾಲಿಗೆ ನನ್ನ ಕೈಯಲ್ಲಿತ್ತು. ಅವ್ವ, ಸಾಕು ಸುಮ್ಮನಿರು ಅಂದಿದ್ದರೆ ಮುಗಿಯುತ್ತಿತ್ತು. ಆಗ ಅವಳ ಮನಸ್ಸಿನಲ್ಲಿ ಆ ಹೆದರಿಕೆ ಕೂರುತ್ತಿರಲಿಲ್ಲ, ಅವಳು ಆಣೆ ಹಾಕಿಸುತ್ತಿರಲಿಲ್ಲ, ನೀನು ಬರುತ್ತಿದ್ದೆ.

ನಾಲ್ಕು ಗುಣಗಳಲ್ಲಿ ನ್ಯಾಯದ ಪಾಠ ಯಾವಾಗಲೂ ಕೊನೆಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಮಕ್ಕಳು ಚೀಲ ಎತ್ತಿಕೊಳ್ಳುತ್ತಿದ್ದರು, ನಾನೂ ಪುಸ್ತಕ ಮುಚ್ಚುತ್ತಿದ್ದೆ. ಆ ಜನ ಹೇಳಿದ್ದು ಕಲ್ಲಾಗು ಅಂತಲ್ಲ. ನಮ್ಮವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸು, ಅದಕ್ಕೋಸ್ಕರವೇ ಉಳಿದ ಮೂರು ಅಂತ. ನಾನು ಸುಲಭವಾದದ್ದನ್ನು ಮಾತ್ರ ಕಲಿತೆ.

ಆಣೆ ಮುರಿದು ನಿನ್ನನ್ನು ಕರೆಸಬೇಕಿತ್ತು. ಇದನ್ನು ಬರೆಯಲು ಇಷ್ಟು ತಿಂಗಳು ಬೇಕಾಯಿತು. ತಪ್ಪಾಯಿತು ಭಾನು.

ಶುಕ್ರವಾರದ ಫೋನಿನ ಮಾತು ಇನ್ನು ನಾನು ಕೇಳುವುದಿಲ್ಲ. ಅದು ತಾಯಿ ಮಗಳದ್ದು. ಅವಳು ನಗುತ್ತಿದ್ದಳು ಅನ್ನುವುದು ಗೊತ್ತಿದೆ, ನನಗೆ ಅಷ್ಟು ಸಾಕು.

ಅಪ್ಪ


ಉಯ್ಯಂಬಳ್ಳಿ
18 ಫೆಬ್ರವರಿ 2025

ಅಪ್ಪ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ದಿನಾ ಬರೆಯಬೇಕು ಅಂದುಕೊಳ್ಳುತ್ತೇನೆ, ಹುಳಕ್ಕೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಮನಸ್ಸು ತಿರುಗಿಬಿಡುತ್ತದೆ. ಇವತ್ತು ಬರೆದೇ ಬಿಡುತ್ತೇನೆ.

ನಾನು ಅಮ್ಮನಿಗೆ ಏನೂ ಹೇಳಲಿಲ್ಲ ಅಪ್ಪ.

ಶುಕ್ರವಾರ ಫೋನು ಬಂದಾಗ ನಾನು ಹುಳದ ಮನೆಯಲ್ಲಿದ್ದೆ. ಹೆಂಗಿದ್ದೀಯಮ್ಮ ಅಂದೆ. ಒಸಿ ಜ್ವರ ಕಣ್ಮಗಾ, ಅಷ್ಟೆ ಅಂದಳು. ಧ್ವನಿ ಸಣ್ಣಗಿತ್ತು. ಜ್ವರಕ್ಕೆ ಹಾಗಿದೆ ಅಂದುಕೊಂಡೆ. ಆಮೇಲೆ, “ಹುಳ ಮೇಯೋದ್ ಕೇಳುಸು ಮಗಾ ಒಸಿ” ಅಂದಳು. ನಿನಗೆ ಗೊತ್ತಿರಲಿಕ್ಕಿಲ್ಲ, ಅವಳು ಆಗಾಗ ಹಾಗೆ ಕೇಳುತ್ತಿದ್ದಳು. ದೊಡ್ಡ ಹುಳ ಸೊಪ್ಪು ತಿನ್ನುವಾಗ ಇಡೀ ಮನೆ ಮಳೆ ಬಂದ ಹಾಗೆ ಸದ್ದು ಮಾಡುತ್ತದೆ. ಅಜ್ಜಿ ಆ ಮಾತು ಅಂದ ಮೇಲೆ ಅಮ್ಮ ನಮ್ಮ ಮನೆಯಲ್ಲಿ ಮತ್ತೆ ಹುಳ ಸಾಕಲೇ ಇಲ್ಲ, ಆದರೆ ಆ ಸದ್ದಿನ ಮೇಲಿನ ಆಸೆ ಹೋಗಿರಲಿಲ್ಲ.

ಫೋನನ್ನು ಸೊಪ್ಪಿನ ಮೇಲೆ, ಹುಳಗಳ ಪಕ್ಕಕ್ಕೆ ಇಟ್ಟೆ. ಅಷ್ಟರಲ್ಲಿ ಸೊಪ್ಪಿನ ಗಾಡಿ ಬಂತು ಅಂತ ಅಶೋಕ ಕೂಗಿದ. ಹೋದೆ. ಹೊರೆ ಇಳಿಸಿದೆ, ನೀರು ಕುಡಿದೆ, ಪಕ್ಕದ ಮನೆಯವಳ ಹತ್ತಿರ ನಿಂತು ಮಾತಾಡಿದೆ. ಫೋನಿನ ನೆನಪೇ ಇಲ್ಲ ನನಗೆ. ಬಂದು ನೋಡಿದರೆ ಹುಳಗಳ ನಡುವೆ ಅದು ಇನ್ನೂ ಬೆಳಗುತ್ತಿತ್ತು. ಅಷ್ಟು ಹೊತ್ತೂ ಅವಳು ಲೈನಿನಲ್ಲೇ ಇದ್ದಳು. “ಇಡ್ಲೇನಮ್ಮ, ಕೆಲ್ಸ ಐತೆ” ಅಂದೆ. “ಹೂಂ, ಇಡು ಮಗಾ. ಮಳೆ ಚೆಂದಾಕ್ ಬತ್ತಾ ಐತೆ” ಅಂದಳು. ನಾನೇ ಕಟ್ ಮಾಡಿದೆ.

ಇದನ್ನು ಏನಂತ ನಿನಗೆ ಬರೆಯಲಿ? ಮಗಳು ಏನೋ ಒಳ್ಳೆಯ ಮಾತು ಹೇಳುತ್ತಿದ್ದಾಳೆ, ಅದಕ್ಕೆ ನಗುತ್ತಿದ್ದಾಳೆ ಅಂದುಕೊಂಡು ನೀನು ಕೂತಿದ್ದೆ. ಅವಳ ಕೊನೆಯ ಮಾತಿಗೆ ನಾನು ಹುಳವನ್ನು ಕೂರಿಸಿ ಎದ್ದು ಹೋಗಿದ್ದೆ. ನೀನು ಕರೆಸಲಿಲ್ಲ ಅಂತ ನಿನ್ನನ್ನು ಬೈದಾಗಲೆಲ್ಲ, ಕೈಗೆ ಸಿಕ್ಕಿದ್ದ ಅಷ್ಟು ಹೊತ್ತನ್ನು ನಾನೇನು ಮಾಡಿದೆ ಅಂತ ಒಳಗೆ ಕೊರೆಯುತ್ತಿತ್ತು. ಬೈದರೆ ಒಸಿ ಕಡಿಮೆಯಾಗುತ್ತಿತ್ತು, ಅದಕ್ಕೇ ಬೈದೆ.

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೇನೋ. ಆದರೆ ನೀನು ತಪ್ಪಾಯಿತು ಅಂತ ಬರೆದ ಸಾಲನ್ನು ಅಶೋಕನಿಗೆ ಓದಿ ಹೇಳುವಾಗ ನನಗೆ ಓದಲಾಗಲಿಲ್ಲ. ಅವನೇ ತೆಗೆದುಕೊಂಡು ಓದಿದ.

ಹುಳ ನಾಲ್ಕನೇ ಸಲ ಪೊರೆ ಕಳಚಿ ಎದ್ದು ಊಟಕ್ಕೆ ಕೂತಿವೆ. ಬರುವ ವಾರ ಕೊನೆಗೆ ಹಣ್ಣಾಗುತ್ತವೆ. ಆಯಲು ಜನ ಸಾಲದು. ನೀನು ಬಾ. ನಿನಗೆ ಆ ಸದ್ದು ಕೇಳಿಸುವುದಿಲ್ಲ, ಗೊತ್ತು. ಸೊಪ್ಪಿನ ಮೇಲೆ ಅಂಗೈ ಇಟ್ಟರೆ ಕೆಳಗೆ ಅವು ಮೇಯುವುದು ಗೊತ್ತಾಗುತ್ತದೆ. ಅಮ್ಮ ಏನು ಕೇಳಿದಳು ಅಂತ ಅಷ್ಟಾದರೂ ತಿಳಿಯುತ್ತದೆ.

ಬರುವಾಗ ಅಮ್ಮನ ಫೋನು ತಾ. ಅದು ನನಗೆ ಬೇಕು.

ನಿನ್ನ ಮಗಳು,
ಭಾನು


ತಿಪ್ಪಸಂದ್ರ
24 ಫೆಬ್ರವರಿ 2025

ಭಾನು,

ನಿನ್ನ ಕಾಗದ ಓದಿ ಜಗಲಿಯ ಮೇಲೆ ಕೂತು ಅತ್ತೆ. ಹಗಲು ಹೊತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನನ್ನ ಅಳು ನನಗೆ ಕೇಳುವುದಿಲ್ಲವಲ್ಲ, ಎಷ್ಟು ಜೋರಾಗಿತ್ತೋ ಏನೋ, ಎದುರು ಮನೆಯವರು ಓಡಿ ಬಂದರು. ಯಾರಿಗೇನಾಯಿತು ಅಂದರು. ನನ್ನ ಹೆಂಡತಿ ಹೋಗಿಬಿಟ್ಟಳು ಅಂದೆ. ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬಾಕೆ ನನ್ನ ಪಕ್ಕದಲ್ಲಿ ಕೂತಳು. ಯಾರೂ ಅಳಬೇಡ ಅನ್ನಲಿಲ್ಲ, ಅವರಿಗೆ ನನಗಿಂತ ಹೆಚ್ಚು ಗೊತ್ತು.

ನೀನು ಅವಳ ಜೊತೆ ಮಾತಾಡಲಿಲ್ಲ ಅಂತ ಕೊರಗಬೇಡ. ಆ ಮುಖ ನೋಡಿದವನು ನಾನು. ಅವಳಿಗೆ ಏನು ಬೇಕಾಗಿತ್ತೋ ಅದನ್ನೇ ನೀನು ಕೊಟ್ಟೆ, ಬೇಕಾದಷ್ಟು ಹೊತ್ತು ಕೊಟ್ಟೆ. ನೀನು ಪಕ್ಕದಲ್ಲಿ ನಿಂತಿದ್ದರೆ ಬೇಗ ಇಟ್ಟುಬಿಡುತ್ತಿದ್ದಳು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಸಮಾಧಾನ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಈಗ ನನ್ನದೊಂದು ಮಾತು. ಅವತ್ತು ಫೋನು ಇಟ್ಟ ಮೇಲೆ, ಏನಂದಳು ಅಂತ ನಾನು ಕೈಯಾಡಿಸಿ ಕೇಳಿದೆ. ಅವಳು ಕಣ್ಣು ತೆರೆದು, ನನಗೆ ತಿಳಿಯುವ ಹಾಗೆ ತುಟಿ ಬಿಡಿಸಿ ಹೇಳಿದಳು, “ಚೆನ್ನಾಗವ್ಳಂತೆ. ನಿಮ್ಮನ್ನ ಕೇಳಿದ್ಲು.”

ನೀನು ಅವತ್ತು ಕೇಳಲಿಲ್ಲ. ಕೇಳಲು ನಿನಗೆ ಪುರುಸೊತ್ತೇ ಇರಲಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಆದರೂ ಅವಳು ಕೇಳಿದಳು ಅಂದಳು. ಹಾಗಾದರೆ ನಿನ್ನ ಮದುವೆಯಾದಾಗಿನಿಂದ ಪ್ರತಿ ಸಲ ಫೋನು ಇಟ್ಟು ನನ್ನ ಕಡೆ ತಿರುಗಿ ಹೇಳಿದ ಆ ಮಾತು, ಎಷ್ಟು ಸಲ ನಿನ್ನದು, ಎಷ್ಟು ಸಲ ಅವಳದು? ನನಗೆ ಗೊತ್ತಿಲ್ಲ. ಆ ಒಂದು ಮಾತಿನ ಮೇಲೆ ನಾನು ಅಷ್ಟು ವರ್ಷ ಬದುಕಿದೆ ಅನ್ನುವುದು ಮಾತ್ರ ಈಗ ಗೊತ್ತಾಗಿದೆ.

ನೀನು ನನ್ನನ್ನು ಕೇಳುತ್ತಿದ್ದೆಯೋ ಇಲ್ಲವೋ, ಬರೆಯಬೇಡ. ಅದು ಹಾಗೇ ಇರಲಿ.

ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮಾಗಡಿ, ರಾಮನಗರ, ಕನಕಪುರ ಅಂತ ಬಸ್ಸು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅಮ್ಮನ ಫೋನು ತರುತ್ತೇನೆ. ಹುಳ ಆಯುವುದು ನನಗೆ ಬರುವುದಿಲ್ಲ, ತೋರಿಸಿಕೊಡು. ಬಸ್ಸಿಳಿದ ಕೂಡಲೇ ಚೀಲ ಇಸಿದುಕೊಂಡು ಮುಂದೆ ಮುಂದೆ ನಡೆದುಬಿಡಬೇಡ. ಒಂದು ಸಲ ನನ್ನ ಎದುರಿಗೆ ನಿಂತು, ಹೆಂಗಿದ್ದೀಯಪ್ಪ ಅಂತ ಕೇಳು. ನಾನು ನಿನ್ನ ತುಟಿಯನ್ನೇ ನೋಡುತ್ತಿರುತ್ತೇನೆ.

ಅಪ್ಪ